ಕಾಗುಣಿತಕ್ಕೆಲ್ಲ ಸಂಖ್ಯೆ ಕೊಟ್ಟರೆ ಯಾರಿಗೆ ನಷ್ಟ?

ಇಥಿಯೋಪಿಕ್ ಲಿಪಿಗಾಗಿ ಯೂನಿಕೋಡ್ ಜಾಗವನ್ನು ದುಂದು ಮಾಡಿದೆ ಎಂಬ ಆಕ್ಷೇಪವಿದೆ. ಅಮ್ಹಾರಿಕ್, ತಿಗ್ರಿನ್ಯಾ ಮತ್ತು ಪ್ರಾಚೀನ ಗೀಜ್ ಭಾಷೆಗಳ ಈ ಲಿಪಿಯಲ್ಲಿ ಪ್ರತಿ ವ್ಯಂಜನಕ್ಕೂ ಏಳು ಸ್ವರರೂಪಗಳು. ಕನ್ನಡದ ಕಾಗುಣಿತವನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ಗಣಕದೊಳಗೆ ಕನ್ನಡದ 'ಕಿ' ಎರಡು ಸಂಖ್ಯೆ: 'ಕ'ಕಾರಕ್ಕೊಂದು, ಗುಡಿಸಿಗೊಂದು. ಇಥಿಯೋಪಿಕ್‌ನ 'ಕಿ' ಒಂದೇ ಸಂಖ್ಯೆ. ಹೀಗಾಗಿ ಕನ್ನಡಕ್ಕೆ 128 ಮನೆಗಳ ಕೋಷ್ಟಕ ಸಾಕಾದರೆ, 1999ರಲ್ಲಿ ಯೂನಿಕೋಡ್ 3.0 ಇಥಿಯೋಪಿಕ್‌ಗೆ 384 ಮನೆಗಳನ್ನು ಮೀಸಲಿಟ್ಟಿತು. ವ್ಯಂಜನ, ಸ್ವರಚಿಹ್ನೆ ಎಂದು ಬಿಡಿಸಿದ್ದರೆ ನೂರರ ಆಸುಪಾಸಿನಲ್ಲಿ ಮುಗಿಯುತ್ತಿತ್ತು ಎಂಬುದು ಆಕ್ಷೇಪಕರ ಲೆಕ್ಕ.

ಲೆಕ್ಕ ಸರಿ, ತೀರ್ಪು ತಪ್ಪು. ಯೂನಿಕೋಡ್‌ನಲ್ಲಿರುವುದು ಹನ್ನೊಂದು ಲಕ್ಷಕ್ಕೂ ಹೆಚ್ಚು ಮನೆಗಳು. ಬಿಡಿ ಅಕ್ಷರಗಳನ್ನು ಜೋಡಿಸಿಯೇ ಬರೆಯುವ ಕೊರಿಯನ್ ಲಿಪಿಗೆ 11,172 ಸಿದ್ಧ ಉಚ್ಚಾರಾಂಶಗಳನ್ನು ಕೊಟ್ಟಾಗಿದೆ. ಬಳ್ಳಿಗೆ ಆ ಕಾಯಿ ಭಾರವಾಗದಿದ್ದರೆ ಈ 384 ಏಕೆ ಭಾರವಾಗಬೇಕು?

ಲಿಪಿಯ ಸ್ವಭಾವವನ್ನೂ ನೋಡಬೇಕು. ಇಥಿಯೋಪಿಕ್‌ನ ಸ್ವರ ಬಹಳ ಕಡೆ ಅಕ್ಷರದ ಮೈಯಲ್ಲೇ ಬೆರೆತಿದೆ: ಒಂದು ಕಡೆ ಕಾಲು ಉದ್ದವಾಗುತ್ತದೆ, ಇನ್ನೊಂದು ಕಡೆ ಬುಡಕ್ಕೆ ಉಂಗುರ ಬೀಳುತ್ತದೆ, ಆರನೆಯ ರೂಪವಂತೂ ಒಂದೇ ನಿಯಮಕ್ಕೆ ಸಿಗುವುದಿಲ್ಲ. ಮಕ್ಕಳು ಅದನ್ನು ಕಲಿಯುವುದೂ ಇಡೀ ಕೋಷ್ಟಕವಾಗಿಯೇ. ಯೂನಿಕೋಡ್ ಶಾಲೆಯ ಗೋಡೆಯ ಮೇಲಿದ್ದುದನ್ನೇ ಗಣಕಕ್ಕೆ ಇಳಿಸಿತು. ಕೀಲಿಮಣೆಗೆ ಮುನ್ನೂರು ಕೀಲಿಗಳೂ ಬೇಕಾಗಲಿಲ್ಲ. ವ್ಯಂಜನ ಒತ್ತಿ ಸ್ವರ ಒತ್ತಿದರೆ ತಂತ್ರಾಂಶವೇ ಸರಿಯಾದ ಸಂಖ್ಯೆಯನ್ನು ಆರಿಸುತ್ತದೆ.

ಉಳಿತಾಯದ ಮಾತೇ ಬೇಕೆಂದರೆ, ಯುಟಿಎಫ್-8ರಲ್ಲಿ ಎರಡೂ ಲಿಪಿಗಳ ಒಂದೊಂದು ಸಂಖ್ಯೆಗೆ ಮೂರು ಬೈಟ್. ಕನ್ನಡದ 'ಕಿ' ಆರು ಬೈಟ್ ತಿಂದರೆ ಅವರದು ಮೂರರಲ್ಲಿ ಮುಗಿಯುತ್ತದೆ. ಇಂಥ ಲಿಪಿಗಳ ಒಂದು ಎಸ್‌ಎಂಎಸ್‌ನಲ್ಲಿ 70 ಸಂಖ್ಯೆಗಳಿಗೆ ಜಾಗ. 'ಸ್ತ್ರೀ' ಎಂಬ ಒಂದೇ ಅಕ್ಷರ ಅದರಲ್ಲಿ ಆರನ್ನು ನುಂಗುತ್ತದೆ. ಕೋಷ್ಟಕದಲ್ಲಿ ಮನೆ ಉಳಿಸಿದ ಕನ್ನಡ ಪ್ರತಿ ವಾಕ್ಯದಲ್ಲೂ ಬಡ್ಡಿ ಕಟ್ಟುತ್ತಿದೆ.

ನಿಜವಾದ ತಕರಾರು ಬೇರೆ ಕಡೆ ಇದೆ. ವ್ಯಂಜನ ಮತ್ತು ಚಿಹ್ನೆಯ ಪದ್ಧತಿಯಲ್ಲಿ ಹೊಸ ವ್ಯಂಜನಕ್ಕೆ ಒಂದು ಸಂಖ್ಯೆ ಸಿಕ್ಕರೆ ಅದರ ಕಾಗುಣಿತ ತಾನೇ ಬರುತ್ತದೆ. ಇಥಿಯೋಪಿಕ್ ಪದ್ಧತಿಯಲ್ಲಿ ಒಂದೊಂದು ರೂಪಕ್ಕೂ ಸಂಖ್ಯೆ ಸಿಗಬೇಕು. ಮೊದಲ ಕೋಷ್ಟಕ ದೊಡ್ಡ ಭಾಷೆಗಳಿಗೆ ಒಪ್ಪಿತು. ಸಣ್ಣವು ಬಾಗಿಲಲ್ಲಿ ನಿಂತವು. ಮೆಎನ್, ಸೆಬಾತ್‌ಬೇತ್ ಭಾಷೆಗಳಿಗೆ ಬೇಕಾದ ಅಕ್ಷರಗಳು ಬಂದದ್ದು 2005ರಲ್ಲಿ. ಬಾಸ್ಕೇತೊ, ಗುಮುಜ್ ಭಾಷೆಗಳವು 2010ರಲ್ಲಿ. ಗುರಾಗೆ ಬರವಣಿಗೆಯ ಇನ್ನೂ 28 ಅಕ್ಷರಗಳು 2021ರವರೆಗೆ ಕಾದವು. ಸಂಖ್ಯೆ ಸಿಗದ ಅಕ್ಷರವನ್ನು ಒಂದು ಗಣಕದಲ್ಲಿ ಹೇಗೋ ಮೂಡಿಸಿದರೂ ಇನ್ನೊಂದರಲ್ಲಿ ಅದು ಖಾಲಿ ಚೌಕ. ಬಳಕೆಯ ಪುರಾವೆ ತನ್ನಿ ಎನ್ನುತ್ತದೆ ನಿಯಮ. ಗಣಕಕ್ಕೆ ಪ್ರವೇಶವೇ ಇಲ್ಲದ ಅಕ್ಷರ ಬಳಕೆಯನ್ನು ಎಲ್ಲಿ ತೋರಿಸಬೇಕು?

ಆದ್ದರಿಂದ ಇಥಿಯೋಪಿಕ್ ಹೆಚ್ಚು ಜಾಗ ಪಡೆಯಿತೆಂದು ದೂರುವುದು ಅನ್ಯಾಯ. ಪ್ರತಿ ರೂಪಕ್ಕೂ ಸಂಖ್ಯೆ ಕೊಡುವ ದಾರಿ ಹಿಡಿದ ಮೇಲೆ, ಆ ಲಿಪಿಯಲ್ಲಿ ಬರೆಯುವ ಎಲ್ಲರ ರೂಪಗಳನ್ನೂ ಹುಡುಕಿ ಎಣಿಸುವ ಹೊಣೆ ಯೂನಿಕೋಡ್‌ನದು. ಆ ಹೊಣೆಯನ್ನು ಸಣ್ಣ ಭಾಷೆಗಳ ಹೆಗಲಿಗೆ ಹೊರಿಸಿ ಎರಡು ದಶಕ ಕಾಯಿಸಿದ್ದೇ ಇಲ್ಲಿ ಆದ ನಷ್ಟ.