ಹಿತ್ತಿಲ ಜೇನು

ಮಾನವನು ತನ್ನ ಉಪಯೋಗಕ್ಕಾಗಿ ಅನೇಕ ಪ್ರಾಣಿಗಳನ್ನು ಪಳಗಿಸಿಕೊಂಡಿದ್ದಾನೆ. ಎತ್ತು ನೊಗಕ್ಕೆ ಹೆಗಲು ಕೊಡುತ್ತದೆ. ಎಮ್ಮೆ ಗೂಟಕ್ಕೆ ಕಟ್ಟಿಸಿಕೊಳ್ಳುತ್ತದೆ. ಕೋಳಿ ಸಂಜೆಯಾದೊಡನೆ ಗೂಡು ಸೇರುತ್ತದೆ. ಜೇನುಹುಳು ಮಾತ್ರ ಇಂದಿಗೂ ಯಾರ ಆಳೂ ಆಗಿಲ್ಲ. ಅದನ್ನು ಮರದ ಪೆಟ್ಟಿಗೆಯಲ್ಲಿ ಇರಿಸಬಹುದು. ಆದರೆ ಆ ಪೆಟ್ಟಿಗೆಗೆ ಬಾಗಿಲುಂಟು, ಅಗುಳಿಯಿಲ್ಲ. ನೆರಳು, ನೀರು, ಹೂವು ದೊರೆಯುವವರೆಗೆ ಹುಳುಗಳು ಅಲ್ಲಿರುತ್ತವೆ. ಇವು ತಪ್ಪಿದರೆ ರಾಣಿಯೊಡನೆ ಇಡೀ ಸಂಸಾರವೇ ಎದ್ದುಹೋಗುತ್ತದೆ. ಆದುದರಿಂದ ಜೇನು ಸಾಕುವುದೆಂದರೆ, ಹುಳುಗಳು ತಾವಾಗಿ ಇರಲು ಒಪ್ಪುವಂತಹ ಪರಿಸರವನ್ನು ಉಂಟುಮಾಡುವುದೆಂದೇ ಅರ್ಥ. ಬೀದರ ಜಿಲ್ಲೆಯಂತಹ ಬಯಲುಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಜೇನುಸಾಕಣೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೊಡಗು ಮತ್ತು ಮಲೆನಾಡು. ವಿರಾಜಪೇಟೆಯಲ್ಲಿ 1936ರಷ್ಟು ಹಿಂದೆಯೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವು ಸ್ಥಾಪಿತವಾಗಿತ್ತು. ಅಲ್ಲಿ ಕಾಡಿದೆ, ಕಾಫಿಯ ತೋಟವಿದೆ, ಹರಿಯುವ ತೊರೆಯಿದೆ. ಬೀದರಿನ ಸ್ಥಿತಿ ಬೇರೆ. ನಗರವು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ನಿಂತಿದೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳಲ್ಲಿ ಮಾಂಜ್ರಾ ನದಿಯು ಹರಿಯುತ್ತಿದ್ದರೂ, ಭಾಲ್ಕಿಯ ಕಡೆ ಕಾರಂಜಾ ಜಲಾಶಯವಿದ್ದರೂ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಇಂತಹ ನಾಡಿನಲ್ಲಿ ಜೇನಿನ ಮಾತೇಕೆ ಎಂದು ಹಲವರು ಕೇಳುವುದು ಸಹಜ.

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಮ್ಮ ನಾಡಿನ ಜೇನುಗಳ ಪರಿಚಯ ಮಾಡಿಕೊಳ್ಳಬೇಕು. ಎತ್ತರದ ಮರದ ಕೊಂಬೆ, ಬಂಡೆ, ಹಳೆಯ ಕಟ್ಟಡಗಳ ಕಮಾನು ಇವುಗಳಿಗೆ ಒಂದೇ ದೊಡ್ಡ ಹುಟ್ಟನ್ನು ಕಟ್ಟುವುದು ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಪುಟ್ಟ ಹುಟ್ಟನ್ನು ಕಟ್ಟುವುದು ಕೋಲುಜೇನು. ಇವೆರಡೂ ಬಯಲಿನಲ್ಲಿ ಬಾಳುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಮರದ ಪೊಟರೆ, ಗೋಡೆಯ ಪೊಳ್ಳು ಮುಂತಾದ ಕತ್ತಲೆಯ ಎಡೆಯಲ್ಲಿ ಹಲವು ಹುಟ್ಟುಗಳನ್ನು ಸಾಲಾಗಿ ಕಟ್ಟುವ ತುಡುವೆಜೇನನ್ನು ಪೆಟ್ಟಿಗೆಯಲ್ಲಿ ಸಾಕಬಹುದು. ಗೋಡೆಯ ಬಿರುಕಿನಲ್ಲಿ ನೆಲಸುವ ನಸರಿಜೇನಿಗೆ ಚುಚ್ಚುವ ಶಕ್ತಿಯೇ ಇಲ್ಲ. ಇವಲ್ಲದೆ ಹುಟ್ಟು ಕಟ್ಟದೆ ಒಂಟಿಯಾಗಿ ಬಾಳುವ ದುಂಬಿಗಳಿವೆ. ಅವುಗಳಲ್ಲಿ ಕೆಲವು ಒಣಮರವನ್ನು ಕೊರೆದು ಮನೆ ಮಾಡುತ್ತವೆ. ಕೆಲವು ಮಣ್ಣುಗೋಡೆಯಲ್ಲಿ ಬಿಲ ತೋಡುತ್ತವೆ. ಕೆಲವು ಗುಲಾಬಿಯ ಎಲೆಯನ್ನು ದುಂಡಗೆ ಕತ್ತರಿಸಿ ಒಯ್ದು ಮರಿಗಳಿಗೆ ತೊಟ್ಟಿಲು ಕಟ್ಟುತ್ತವೆ. ಇವು ಮನುಷ್ಯನಿಗೆ ಒಂದು ಹನಿ ತುಪ್ಪವನ್ನೂ ಕೊಡುವುದಿಲ್ಲ. ಆದರೂ ಇವುಗಳ ಋಣ ಸಣ್ಣದಲ್ಲ.

ಆ ಋಣವನ್ನು ಹಿತ್ತಿಲಿನಲ್ಲಿಯೇ ಕಾಣಬಹುದು. ಕುಂಬಳ ಮತ್ತು ಸೌತೆಯ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಒಂದರ ಪರಾಗವನ್ನು ಮತ್ತೊಂದಕ್ಕೆ ಹುಳುಗಳು ಮುಟ್ಟಿಸದಿದ್ದರೆ ಹೂವು ಬಾಡಿ ಉದುರುತ್ತದೆಯೇ ಹೊರತು ಕಾಯಿ ನಿಲ್ಲುವುದಿಲ್ಲ. ಬದನೆಯ ಹೂವಿನದು ಇನ್ನೊಂದು ಬಗೆ. ಅದರ ಪರಾಗವು ತುದಿಯಲ್ಲಿ ಸೂಕ್ಷ್ಮ ರಂಧ್ರಗಳಿರುವ ಕೋಶದೊಳಗೆ ಅಡಗಿರುತ್ತದೆ. ದುಂಬಿಯು ಹೂವನ್ನು ಅಪ್ಪಿ ಹಿಡಿದು ಮೈಯನ್ನು ಝೇಂಕರಿಸಿ ನಡುಗಿಸಿದಾಗ, ಜರಡಿಯನ್ನು ಅಲುಗಿಸಿದರೆ ಹಿಟ್ಟು ಉದುರುವಂತೆ, ಪರಾಗವು ಉದುರುತ್ತದೆ. ಈ ವಿದ್ಯೆಯು ತುಡುವೆಗೂ ಹೆಜ್ಜೇನಿಗೂ ತಿಳಿಯದು. ಒಂಟಿ ದುಂಬಿಗಳಿಗೆ ಮಾತ್ರ ಸಾಧ್ಯ. ಹೊಲದಲ್ಲಿ ಗುರೆಳ್ಳು ತನ್ನ ಪರಾಗದಿಂದಲೇ ಚೆನ್ನಾಗಿ ಕಾಳುಕಟ್ಟಲಾರದು. ಸೂರ್ಯಕಾಂತಿ, ಕುಸುಬೆಗಳಿಗೂ ಹುಳುಗಳ ನೆರವಿನಿಂದ ಹೆಚ್ಚಿನ ಫಲ. ಹೀಗಿರುವಾಗ ಜೇನಿನ ಬೆಲೆಯನ್ನು ತುಪ್ಪದ ಸೀಸೆಯಿಂದ ಅಳೆಯುವುದು ಹಸುವಿನ ಬೆಲೆಯನ್ನು ಅದರ ಕೊರಳ ಗಂಟೆಯಿಂದ ಅಳೆದಂತೆ.

ಬಯಲುಸೀಮೆಯಲ್ಲಿ ಹೂವಿಲ್ಲವೆಂಬುದು ಪೂರ್ಣ ನಿಜವಲ್ಲ. ಮಾಘ ಫಾಲ್ಗುಣಗಳಲ್ಲಿ ಕುಸುಬೆ ಹಾಗೂ ಮುತ್ತುಗ, ವಸಂತದಲ್ಲಿ ಬೇವು, ಹೊಂಗೆ ಮತ್ತು ನೇರಳೆ, ಮುಂಗಾರಿನ ಹೊತ್ತಿಗೆ ಹುಣಸೆ, ಮಳೆಗಾಲದ ಕೊನೆಯಲ್ಲಿ ಬೋರೆ ಹೂಬಿಡುತ್ತವೆ. ಇವೆಲ್ಲಕ್ಕಿಂತ ದೊಡ್ಡ ಹುಲ್ಲುಗಾವಲು ತೊಗರಿಯ ಹೊಲ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಭಾಲ್ಕಿ, ಔರಾದಗಳ ಹೊಲಗಳು ಹಳದಿ ಹೂಗಳಿಂದ ತುಂಬಿದಾಗ ಜೇನುಗಳಿಗೆ ಅದು ಸುಗ್ಗಿ. ದುರ್ದೈವದಿಂದ ಕಾಯಿಕೊರಕ ಹುಳುವಿನ ಬಾಧೆಗೂ ಅದೇ ಕಾಲ. ಕೀಟನಾಶಕವನ್ನು ಸಿಂಪಡಿಸುವುದೂ ಆಗಲೇ.

ಇಲ್ಲಿ ಜೇನಿನ ಒಂದು ಗುಣವನ್ನು ನೆನೆಯಬೇಕು. ಮಕರಂದವಿರುವ ಎಡೆಯನ್ನು ಕಂಡ ಹುಳು ಗೂಡಿಗೆ ಮರಳಿ, ಒಂದು ಬಗೆಯ ನೃತ್ಯದಿಂದ ಅದರ ದಿಕ್ಕನ್ನೂ ದೂರವನ್ನೂ ತನ್ನವರಿಗೆ ತಿಳಿಸುತ್ತದೆ. ಈ ಭಾಷೆಯನ್ನು ಬಿಡಿಸಿ ಓದಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಷ್ ಅವರು 1973ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಒಂದು ಹುಳು ಕಂಡ ಹೊಲವು ಇಡೀ ಗೂಡಿನ ಹೊಲವಾಗುತ್ತದೆ. ಆ ಹೊಲದಲ್ಲಿ ಅಮೃತವಿದ್ದರೆ ಎಲ್ಲರಿಗೂ ಅಮೃತ. ವಿಷವಿದ್ದರೆ ಎಲ್ಲರಿಗೂ ವಿಷ. ಒಬ್ಬನು ತನ್ನ ಹಿತ್ತಿಲನ್ನು ಎಷ್ಟೇ ಜೋಪಾನ ಮಾಡಿದರೂ ಒಂದು ಕಿಲೋಮೀಟರು ದೂರದ ಹೊಲದವನ ಸಹಕಾರವಿಲ್ಲದೆ ಜೇನು ಉಳಿಯದು.

ಹಾಗೆಂದು ರೈತನನ್ನು ದೂಷಿಸುವುದು ನ್ಯಾಯವಲ್ಲ. ಕಾಯಿಕೊರಕವು ಬಿದ್ದ ತೊಗರಿಯನ್ನು ಕಂಡು ಕೈಕಟ್ಟಿ ಕುಳಿತರೆ ಅವನ ವರ್ಷದ ಅನ್ನಕ್ಕೇ ಕೊರತೆ. ಆದರೆ ಔಷಧಿ ಹೊಡೆಯುವುದಕ್ಕೂ ವಿವೇಕವಿದೆ. ಬೇವಿನ ಬೀಜದ ಕಷಾಯ, ಪತಂಗಗಳನ್ನು ಸೆಳೆಯುವ ಮೋಹಕ ಬಲೆ, ಹುಳು ತಿನ್ನುವ ಹಕ್ಕಿಗಳು ಕೂರಲು ಹೊಲದಲ್ಲಿ ನೆಟ್ಟ ಕೋಲುಗಳು ಮೊದಲ ಉಪಾಯಗಳಾಗಬೇಕು. ವಿಷವು ಅನಿವಾರ್ಯವಾದಾಗ, ಹುಳುಗಳು ಹೂವಿನ ಮೇಲಿರುವ ಹಗಲನ್ನು ಬಿಟ್ಟು ಅವು ಗೂಡು ಸೇರಿದ ಮುಸ್ಸಂಜೆಯಲ್ಲಿ ಸಿಂಪಡಿಸಬೇಕು. ಹಿಂದಿನ ದಿನವೇ ನೆರೆಯವರಿಗೆ ತಿಳಿಸಬೇಕು. ಇದಕ್ಕೆ ಹಣದ ಖರ್ಚಿಲ್ಲ. ನೆರೆಹೊರೆಯ ಮರ್ಯಾದೆ ಇದ್ದರೆ ಸಾಕು.

ಇನ್ನು ಬಿಸಿಲಿನ ಮಾತು. ತುಡುವೆಯು ಮರಿಗಳಿರುವ ಹುಟ್ಟಿನ ಉಷ್ಣತೆಯನ್ನು ಸುಮಾರು 35 ಡಿಗ್ರಿಯಲ್ಲಿ ಕಾಯ್ದುಕೊಳ್ಳಲು ಯತ್ನಿಸುತ್ತದೆ. ಸೆಕೆ ಏರಿದಾಗ ಹುಳುಗಳು ನೀರು ತಂದು ಗೂಡಿನೊಳಗೆ ಸವರಿ ರೆಕ್ಕೆಗಳಿಂದ ಬೀಸುತ್ತವೆ. ನೀರು ದೂರವಾದರೆ ಅವುಗಳ ಶಕ್ತಿಯೆಲ್ಲ ಇದರಲ್ಲಿಯೇ ವ್ಯಯವಾಗುತ್ತದೆ. ನೀರಿಗಾಗಿ ನೆಲದಡಿಯಲ್ಲಿ ಸುರಂಗ ಬಾವಿಯನ್ನೇ ತೋಡಿದವರ ಊರು ಬೀದರ. ನೌಬಾದಿನಲ್ಲಿ ಅದನ್ನು ಇಂದಿಗೂ ಕಾಣಬಹುದು. ಅಂತಹ ಊರಿನವರಿಗೆ ನೀರಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಬೇವಿನ ನೆರಳಿನಲ್ಲಿ ಒಂದು ಮಣ್ಣಿನ ತಟ್ಟೆ, ಹುಳುಗಳು ಮುಳುಗದಂತೆ ಅದರಲ್ಲಿ ನಾಲ್ಕು ಬೆಣಚುಕಲ್ಲು, ದಿನವೂ ಹೊಸ ನೀರು: ಇಷ್ಟನ್ನು ಯಾವ ಮನೆಯವರೂ ಒದಗಿಸಬಲ್ಲರು. ಮಣ್ಣಿನ ಮಾಳಿಗೆ ಮನೆಗಳು ಹೋಗಿ ಸಿಮೆಂಟಿನ ಗೋಡೆಗಳು ಎದ್ದಂತೆ ದುಂಬಿಗಳ ಬಿಲಗಳೂ ಇಲ್ಲವಾದವು. ಹಿತ್ತಿಲ ಮೂಲೆಯಲ್ಲಿ ಅಗೆಯದೆ ಬಿಟ್ಟ ಒಂದಿಷ್ಟು ನೆಲ, ಒಂದು ಮೋಟು ಮಣ್ಣುಗೋಡೆ, ಒಣಗಿದ ಬಿದಿರಿನ ಕಟ್ಟು ಅವುಗಳಿಗೆ ಆಶ್ರಯವಾಗಬಲ್ಲವು.

ಜೇನು ಕಚ್ಚುತ್ತದೆ ಎಂಬ ಆಕ್ಷೇಪಣೆಯೂ ಉಂಟು. ಹೆಜ್ಜೇನಿನ ಹಿಂಡು ಕೆರಳಿದರೆ ಪ್ರಾಣಾಪಾಯವಾಗಬಹುದೆಂಬುದು ನಿಜ. ಅದಕ್ಕೆ ಕಲ್ಲೆಸೆಯದೆ, ಹೊಗೆಯಿಕ್ಕದೆ ದೂರವಿರುವುದೇ ಪರಿಹಾರ. ಪಂಜಿನಿಂದ ಸುಡುವುದು ಪರಿಹಾರವಲ್ಲ. ಜೇನುಹುಳು ಚುಚ್ಚಿದರೆ ಮುಳ್ಳು ಮನುಷ್ಯನ ಚರ್ಮದಲ್ಲಿಯೇ ಉಳಿದು ಹುಳುವೂ ಸಾಯುತ್ತದೆ. ಆದುದರಿಂದ ಅದು ವಿನೋದಕ್ಕಾಗಿ ಚುಚ್ಚುವುದಿಲ್ಲ. ಹಿತ್ತಿಲ ತುಡುವೆಯು ಸೌಮ್ಯವಾದದ್ದು. ಆದರೂ ಅನುಭವಿಗಳ ಜೊತೆಯಿಲ್ಲದೆ ಬಾಲಕರು ಪೆಟ್ಟಿಗೆಯನ್ನು ತೆರೆಯಬಾರದು.

ಪೆಟ್ಟಿಗೆಯನ್ನು ಕೊಳ್ಳಲು ಆತುರಪಡುವವರು ಮತ್ತೊಂದು ಸಂಗತಿಯನ್ನು ಮರೆಯಬಾರದು. 1991-92ರಲ್ಲಿ ದಕ್ಷಿಣ ಭಾರತದಲ್ಲಿ ಹಬ್ಬಿದ ವೈರಾಣು ರೋಗವೊಂದು ತುಡುವೆಯ ಅಸಂಖ್ಯಾತ ಕುಟುಂಬಗಳನ್ನು ನಾಶಗೊಳಿಸಿತು. ಜೇನಿಗೆ ಹೆಸರಾದ ಪ್ರದೇಶಗಳಲ್ಲಿಯೂ ಪೆಟ್ಟಿಗೆಗಳು ಬರಿದಾದವು. ದೂರದ ಊರಿನಿಂದ ತಂದ ಕುಟುಂಬದೊಡನೆ ರೋಗವೂ ಬರಬಹುದು. 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಗೊಂಡ ಯೂರೋಪಿನ ಜೇನು ಹೆಚ್ಚು ತುಪ್ಪ ಕೊಡುವುದೇನೋ ಸರಿ. ಆದರೆ ಅದಕ್ಕೆ ಆರೈಕೆಯೂ ಹೆಚ್ಚು, ಹೂವಿಲ್ಲದ ಕಾಲದಲ್ಲಿ ಸಕ್ಕರೆಯ ಪಾಕವನ್ನು ಉಣಿಸಬೇಕು. ವ್ಯಾಪಾರಕ್ಕಾಗಿ ಸಾಕುವವರಿಗೆ ಅದು ತಕ್ಕದ್ದಿರಬಹುದು. ಹಿತ್ತಿಲಿಗೆ ಈ ನೆಲದ ಜೇನೇ ಲೇಸು.

ಆದುದರಿಂದ ಮೊದಲು ಹೂವು ಮತ್ತು ನೀರು, ಅನಂತರ ವಿಷದ ವಿಷಯದಲ್ಲಿ ಎಚ್ಚರ, ಕೊನೆಗೆ ಪೆಟ್ಟಿಗೆ. ಈ ಕ್ರಮವನ್ನು ತಿರುಗುಮುರುಗು ಮಾಡಿದವರ ಪೆಟ್ಟಿಗೆಗಳಲ್ಲಿ ಇರುವೆಗಳು ಸಂಸಾರ ಹೂಡುತ್ತವೆ. ಈ ಕಾರ್ಯದಲ್ಲಿ ಶಾಲೆಯ ಮಕ್ಕಳ ಪಾಲು ಹಿರಿದು. ಬೀದರ, ಭಾಲ್ಕಿ, ಔರಾದಗಳ ಪ್ರತಿ ಶಾಲೆಯ ಮಕ್ಕಳೂ ತಮ್ಮ ಊರಿನಲ್ಲಿ ಯಾವ ತಿಂಗಳು ಯಾವ ಗಿಡ ಹೂಬಿಡುತ್ತದೆ, ಅದಕ್ಕೆ ಯಾವ ಹುಳು ಬರುತ್ತದೆ ಎಂಬುದನ್ನು ವರ್ಷವಿಡೀ ಗುರುತಿಸಿ ಹೂವಿನ ಪಂಚಾಂಗವೊಂದನ್ನು ಬರೆಯಬಹುದು. ಯಾವ ತಿಂಗಳಿನ ಪುಟ ಖಾಲಿಯಾಗಿ ಉಳಿಯುವುದೋ ಆ ತಿಂಗಳಲ್ಲಿ ಹೂಬಿಡುವ ಗಿಡವನ್ನು ಶಾಲೆಯ ಅಂಗಳದಲ್ಲಿ ನೆಡಬೇಕು. ಖಾಲಿ ಪುಟಗಳೆಲ್ಲ ತುಂಬಿದ ವರ್ಷ, ಕರೆಯದಿದ್ದರೂ ಜೇನು ತಾನಾಗಿ ಬಂದೀತು.