ಮನುಷ್ಯವರ್ಗದ ಒಂದು ಶಬ್ದ

ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ವಾಚಕರಿಗೆ 'ತೃತೀಯಾಪ್ರಕೃತಿ' ಎಂಬ ಶಬ್ದವು ಅಪರಿಚಿತವಾಗಿರಲಾರದು. ಗಂಡೆಂದಾಗಲಿ ಹೆಣ್ಣೆಂದಾಗಲಿ ನಿರ್ದೇಶಿಸಲು ಬಾರದವರಿಗೆ ಕೋಶಕಾರನು ಕೊಟ್ಟಿರುವ ಹೆಸರುಗಳಲ್ಲಿ ಇದೊಂದು. ಆತನು ಇದನ್ನು ಪ್ರಕೃತಿಯೆಂದನೇ ಹೊರತು ವಿಕೃತಿಯೆನ್ನಲಿಲ್ಲ, ಇಟ್ಟದ್ದೂ ಮನುಷ್ಯವರ್ಗದಲ್ಲಿಯೇ. (ಅದರ ಜೊತೆಗೆ ಬರುವ ಇತರ ಪದಗಳು ಅಷ್ಟು ಗೌರವದವಲ್ಲವೆಂಬುದನ್ನೂ ಒಪ್ಪತಕ್ಕದ್ದೇ.)

ನಮ್ಮ ಮನೆಗಳ ನಿಘಂಟಾದರೋ ಬೇರೆ. ಹುಡುಗನೊಬ್ಬನು ಅಕ್ಕತಂಗಿಯರ ಸಂಗಡ ಕುಂಟೆಬಿಲ್ಲೆಯಾಡಿ, ಅಂಗವಸ್ತ್ರವನ್ನು ಸೀರೆಯಂತೆ ಸುತ್ತಿಕೊಂಡನೆಂದರೆ ಅವನಿಗೆ ಸಲ್ಲುವ ಮಾತುಗಳನ್ನು ಈ ಪತ್ರಿಕೆಯಲ್ಲಿ ಅಚ್ಚುಹಾಕಿಸುವಂತಿಲ್ಲ. ಮಾತು ತೀರಿದ ಮೇಲೆ ಬೆತ್ತ, ಬೆತ್ತದ ಮೇಲೆ ಮಂತ್ರವಾದಿ, ಅದೂ ಫಲಿಸದಿದ್ದರೆ ಬೀದಿ.

ಇದೆಲ್ಲವೂ ಪುರಾತನ ಧರ್ಮವೆಂದು ಭಾವಿಸುವವರು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ನೆನೆಯಬೇಕು. ಆಂಗ್ಲ ಸರ್ಕಾರವು ಅದರ ಮೂಲಕ ಉತ್ತರದ ಪ್ರಾಂತಗಳಲ್ಲಿ ಇಂಥವರ ಹೆಸರುಗಳನ್ನು ಪಟ್ಟಿಮಾಡಿಸಿ, ಪಟ್ಟಿಯಲ್ಲಿದ್ದವರು ಸ್ತ್ರೀವೇಷದಿಂದ ಬೀದಿಯಲ್ಲಿ ಕಾಣಿಸಿಕೊಳ್ಳುವುದನ್ನೂ ಕುಣಿಯುವುದನ್ನೂ ದಂಡನಾರ್ಹ ಅಪರಾಧವಾಗಿ ವಿಧಿಸಿತು.

ಅಪರಾಧವೆನಿಸಿದ್ದ ಆ ಕುಣಿತದಿಂದಲೇ ಬಾಳನ್ನು ಕಟ್ಟಿಕೊಂಡವರೊಬ್ಬರು ನಮ್ಮ ಬಳ್ಳಾರಿ ಸೀಮೆಯಲ್ಲಿದ್ದಾರೆ. ಮಂಜುನಾಥ ಶೆಟ್ಟಿಯೆಂಬ ಹೆಸರಿನಿಂದ ಹುಟ್ಟಿದ ಮಂಜಮ್ಮ ಜೋಗತಿಯವರಿಗೆ ಹದಿಹರೆಯದಲ್ಲಿ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಲಾಯಿತು. ಆ ಪದ್ಧತಿಯನ್ನು ನಾವು ಶ್ಲಾಘಿಸುವವರಲ್ಲ. ಆದರೆ ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದಾಗ ಅದೊಂದು ತೆರೆದಿತ್ತೆಂಬುದೂ ನಿಜವಷ್ಟೆ. ಬಳಿಕ ಮನೆ ತಪ್ಪಿತು. ಸೀರೆಯುಟ್ಟು ಭಿಕ್ಷೆ ಬೇಡಬೇಕಾಯಿತು. ಒಮ್ಮೆ ವಿಷವನ್ನು ಕುಡಿದು ಬದುಕಿ ಉಳಿದುದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ದಾವಣಗೆರೆಯಲ್ಲಿ ಒಂದು ದಿನ ತಂದೆಯು ಹಾಡುತ್ತಿರಲು ಮಗನು ತಲೆಯ ಮೇಲೆ ಕೊಡವನ್ನು ನಿಲ್ಲಿಸಿಕೊಂಡು ಕುಣಿಯುತ್ತಿದ್ದುದನ್ನು ಕಂಡರು. ಆ ವಿದ್ಯೆಯನ್ನು ಅವರಿಂದ ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳವನ್ನು ಸೇರಿದರು. ಕೈಬಿಟ್ಟು ಕೊಡವನ್ನು ನೆತ್ತಿಯ ಮೇಲೆ ನಿಲ್ಲಿಸುವವರು ಕತ್ತನ್ನು ತಗ್ಗಿಸುವಂತಿಲ್ಲ.

ಭಿಕ್ಷೆ ಹಾಕುವವರ ಬಾಯಲ್ಲಿ ಹಗುರವಾಗಿದ್ದ 'ಜೋಗತಿ' ಎಂಬ ಪದವನ್ನು, ಕೀರ್ತಿ ಬಂದ ಮೇಲೆಯೂ, ಅವರು ತಮ್ಮ ಹೆಸರಿನಿಂದ ಕಳಚಲಿಲ್ಲ. ಹಿತೈಷಿಗಳು ಇಂಥವರಿಗೆ ಸಾಧಾರಣವಾಗಿ ಕೊಡುವ ಸಲಹೆಯು ಮರೆಮಾಚಿಕೊಂಡು ಬಾಳಬೇಕೆಂಬುದು. ಮರೆಮಾಚಿದ್ದರೆ ಇವರಿಗೆ ಕುಣಿತವೆಲ್ಲಿಯದು? 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ಅದೇ ಹೆಸರಿನಿಂದ.

2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗವನ್ನು ಮಾನ್ಯಮಾಡಿತು; 2021ರಲ್ಲಿ ಕರ್ನಾಟಕ ಸರ್ಕಾರವು ತನ್ನ ನೌಕರಿಗಳಲ್ಲಿ ಇಂಥವರಿಗೆ ನೂರಕ್ಕೆ 1ರಷ್ಟು ಮೀಸಲಿಟ್ಟಿತು. ನ್ಯಾಯಾಲಯವು ನಮ್ಮ ನಿಮ್ಮ ಪಡಸಾಲೆಗೆ ಬಂದು ಮಗುವಿನ ಮೇಲೆತ್ತಿದ ಕೈಯನ್ನು ಹಿಡಿಯಲಾರದು. ಅದು ಗೃಹಸ್ಥನ ಪಾಲಿಗೇ ಉಳಿದಿದೆ.

2021ರ ನವೆಂಬರಿನಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಲು ಮಂಜಮ್ಮನವರು ದಿಲ್ಲಿಯ ರಾಷ್ಟ್ರಪತಿಭವನಕ್ಕೆ ಹೋದರು. ಪ್ರಶಸ್ತಿಗೆ ಕೈಯೊಡ್ಡುವ ಮೊದಲು, ಹಳ್ಳಿಯ ಮುದುಕಿಯರು ತೊಟ್ಟಿಲ ಕೂಸಿಗೆ ಮಾಡುವಂತೆ, ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ನಿವಾಳಿಸಿದರು.