ಅಕ್ಷರದ ಅಳತೆಯೂ ಆಕಾರವೂ

ನಾಮಫಲಕಗಳಲ್ಲಿ ಕನ್ನಡವು ಶೇಕಡ 60ರಷ್ಟು ಇರತಕ್ಕದ್ದೆಂದೂ ಮೇಲರ್ಧದಲ್ಲಿಯೇ ನಿಲ್ಲತಕ್ಕದ್ದೆಂದೂ ಕರ್ನಾಟಕ ಸರಕಾರವು 2024ರಲ್ಲಿ ಶಾಸನವನ್ನು ತಿದ್ದಿ ವಿಧಿಸಿತು. ವಿಧಿಯು ಯುಕ್ತವಾದುದೇ. ಆದರೆ ಅಳತೆಗೋಲು ಅಕ್ಷರದ ಎತ್ತರವನ್ನು ಬಲ್ಲುದೇ ಹೊರತು ಅದರ ರೂಪವನ್ನು ಅರಿಯದು. ಕನ್ನಡ, ಮರಾಠಿ, ಉರ್ದುಗಳು ಕೂಡಿ ಬಾಳುವ ಬಸವಕಲ್ಯಾಣ ಹುಮನಾಬಾದಗಳಲ್ಲಿ ಚರ್ಚೆಯು ಯಾವ ಲಿಪಿ ಮೇಲೆ, ಯಾವುದು ಕೆಳಗೆ ಎಂಬಲ್ಲಿಗೇ ಮುಗಿದರೆ ಕನ್ನಡಕ್ಕೆ ಸ್ಥಳ ದೊರೆತೀತು, ಗೌರವ ದೊರೆಯದು.

ಕನ್ನಡದ ಒತ್ತಕ್ಷರವು ಪಂಕ್ತಿಯ ಕೆಳಗೆ ಇಳಿಯುತ್ತದೆ. 'ರಾಷ್ಟ್ರ' ಎಂಬಲ್ಲಿ ಎರಡು ಒತ್ತುಗಳಿಗೆ ಎಡೆ ಬೇಕು. ಇಂಗ್ಲಿಷಿನ ಅಕ್ಷರಗಳಿಗೆಂದು ಗೊತ್ತುಮಾಡಿದ ಅಂತರದಲ್ಲಿ ಇವನ್ನು ತುರುಕಿದರೆ ಒತ್ತು ಕುಗ್ಗುವುದು, ಇಲ್ಲವೆ ಕೆಳಗಣ ಸಾಲನ್ನು ತುಳಿಯುವುದು. ಒತ್ತು ಮಾಯವಾದರೆ 'ಕತ್ತೆ'ಯೇ 'ಕತೆ'ಯಾದೀತು!

ಅಕ್ಷರ ಬರೆಯುವುದು ಕೂಲಿಯ ಕೆಲಸ, ಪಂಡಿತರಿಗೆ ಅದರ ಗೊಡವೆಯೇಕೆ ಎನ್ನುವವರುಂಟು. ಅಂಥವರು ಹುಮನಾಬಾದ ತಾಲೂಕಿನ ಜಲಸಂಗಿಗೆ ಹೋಗಿ ಬರಲಿ. ಚಾಲುಕ್ಯ ವಿಕ್ರಮಾದಿತ್ಯನ ಸ್ತುತಿಯನ್ನು ಸಂಸ್ಕೃತದಲ್ಲಿ ಬರೆಯುತ್ತಿರುವ ಶಿಲಾಸುಂದರಿ ಅಲ್ಲಿನ ದೇವಾಲಯದ ಭಿತ್ತಿಯಲ್ಲಿ ನಿಂತಿರುವಳು. ಬರೆಯುವ ಕೈಗೂ ಆ ಶಿಲ್ಪಿಗಳು ದೇಗುಲದ ಗೋಡೆಯಲ್ಲಿ ಮನ್ನಣೆಯಿತ್ತರು.

ಈಗ ಯಂತ್ರವೇ ಅಕ್ಷರ ಕೊಡುವುದಲ್ಲ ಎನ್ನುವರು ಮತ್ತೆ ಕೆಲವರು. ಯಂತ್ರದ ಅಕ್ಷರವನ್ನೂ ಮನುಷ್ಯನೇ ರಚಿಸಬೇಕು. ವಿಂಡೋಸ್ ಗಣಕಗಳೊಡನೆ ಬಂದ 'ತುಂಗಾ' ಎಂಬ ಕನ್ನಡ ಅಕ್ಷರಮಾಲೆಯು ರಘುನಾಥ ಜೋಶಿಯವರ ನಿರ್ದೇಶನದಲ್ಲಿ ಸಿದ್ಧವಾಯಿತು. 1936ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 2008ರಲ್ಲಿ ತೀರಿಕೊಂಡ ಇವರು ಮರಾಠಿ ಕವಿಗಳು. ಜಾಹೀರಾತಿನ ಕಸುಬಿನಲ್ಲಿ ನುರಿತು, ಮುಂಬಯಿಯ ಐ.ಐ.ಟಿ.ಯಲ್ಲಿ ಅಕ್ಷರವಿನ್ಯಾಸವನ್ನು ವಿದ್ಯೆಯೆಂದೇ ಬೋಧಿಸಿದವರು. ಭಾರತದ ಹಲವು ಲಿಪಿಗಳಿಗಾಗಿ ದುಡಿದವರು.

ಮರಾಠಿಗರಿಗೆ ಕನ್ನಡ ಲಿಪಿಯ ಅಧಿಕಾರವೆಲ್ಲಿಯದು ಎಂಬ ಆಕ್ಷೇಪವಂತೂ ಕಲ್ಯಾಣದ ನೆಲಕ್ಕೆ ಸಲ್ಲದು. ಕಾಶ್ಮೀರದಿಂದ ಬಂದ ಬಿಲ್ಹಣನನ್ನು ವಿದ್ಯಾಪತಿಯೆಂದು ಮನ್ನಿಸಿದ ರಾಜಧಾನಿಯದು; ಅವನಿಂದಲೇ 'ವಿಕ್ರಮಾಂಕದೇವಚರಿತ'ವು ದೊರೆಯಿತು. ಕನ್ನಡ, ದೇವನಾಗರಿಗಳೆರಡೂ ಬ್ರಾಹ್ಮಿಯ ಸಂತತಿಯೇ. ಪರರು ನಮ್ಮ ಲಿಪಿಗಾಗಿ ಶ್ರಮಿಸಿದುದು ನಾಚಿಕೆಯಲ್ಲ. ನಾವು ಅದನ್ನು ಕಲಿಯದಿರುವುದು ನಾಚಿಕೆ.

ಆದುದರಿಂದ ಎರಡೂ ತಾಲೂಕುಗಳ ಪ್ರೌಢಶಾಲೆಗಳ ಚಿತ್ರಕಲೆಯ ತರಗತಿಯಲ್ಲಿ ಮಾವು, ಮಡಕೆಗಳ ಜೊತೆಗೆ ಒತ್ತಕ್ಷರವನ್ನೂ ಬರೆಯಿಸಲಿ. ಫಲಕವನ್ನು ಪರೀಕ್ಷಿಸುವ ಅಧಿಕಾರಿಗಳು ಅದು ಎಷ್ಟು ದೊಡ್ಡದೆಂದು ಕೇಳಿದ ಬಳಿಕ, ಹತ್ತು ಹೆಜ್ಜೆ ದೂರದಿಂದ ಓದಲು ಬರುವುದೇ ಎಂದೂ ಕೇಳಲಿ.